ಕುದುರೆ ಲೆಕ್ಕ ಕೊಟ್ಟ ಜೇಮ್ಸ್ ವ್ಯಾಟ್



ಈ ಸಲದ ಭಿತ್ತಿಪತ್ರಿಕೆಗೆ ನಾನು ಜೇಮ್ಸ್ ವ್ಯಾಟ್‌ನ ಜೀವನ ಬರೆಯುತ್ತಿದ್ದೇನೆ. ಕೆಟಲಿನ ಮುಚ್ಚಳ ಕುಣಿದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟುಬಿಡ್ತೀನಿ. ಪಂಪ್‌ಸೆಟ್ಟು, ಟ್ರ್ಯಾಕ್ಟರು ಎಲ್ಲದರ ಮೇಲೂ ಇರುವ ಹೆಚ್.ಪಿ., ಅಂದರೆ ಅಶ್ವಶಕ್ತಿ, ಎಲ್ಲಿಂದ ಬಂತು ಅನ್ನೋದೇ ನನ್ನ ವಿಷಯ.

ವ್ಯಾಟ್ 1736ನೇ ಇಸವಿ ಜನವರಿ 19ರಂದು ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರು ಊರಿನಲ್ಲಿ ಜನಿಸಿದನು. ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ಮಾಡುವ ಕೆಲಸ ಕಲಿತು, 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದೊಳಗೆ ಸಣ್ಣ ಅಂಗಡಿ ಇಟ್ಟ. 1763-64ರ ಚಳಿಗಾಲದಲ್ಲಿ ನ್ಯೂಕಾಮನ್ ಉಗಿಯಂತ್ರದ ಒಂದು ಮಾದರಿ ಅವನ ಹತ್ತಿರ ರಿಪೇರಿಗೆ ಬಂತು. ಆ ಯಂತ್ರದಲ್ಲಿ ಪ್ರತಿ ಸಲವೂ ಬಿಸಿ ಸಿಲಿಂಡರಿಗೆ ತಣ್ಣೀರು ಚಿಮ್ಮಿಸಬೇಕಿತ್ತು. ಅದನ್ನು ಮತ್ತೆ ಬಿಸಿ ಮಾಡೋದರಲ್ಲೇ ಅರ್ಧಕ್ಕಿಂತ ಹೆಚ್ಚು ಉಗಿ ಹಾಳಾಗ್ತಿತ್ತು. ಉಗಿಯನ್ನು ಬೇರೆ ಪಾತ್ರೆಗೆ ಬಿಟ್ಟು ಅಲ್ಲಿ ತಣಿಸಿದರೆ ಸಿಲಿಂಡರ್ ಬಿಸಿಯಾಗಿಯೇ ಇರುತ್ತದೆ ಎಂದು 1765ರಲ್ಲಿ ಅವನಿಗೆ ಹೊಳೆಯಿತು. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಯಂತ್ರ ಕಟ್ಟಲು ದುಡ್ಡಿಲ್ಲ. ಹೊಟ್ಟೆಪಾಡಿಗೆ ಕಾಲುವೆ ಸರ್ವೆ ಮಾಡಿಕೊಂಡಿದ್ದ. ಹಣ ಹಾಕಿದ್ದ ರೋಬಕ್ ದಿವಾಳಿಯಾದ. 1773ರಲ್ಲಿ ಹೆಂಡತಿ ತೀರಿಕೊಂಡಳು. 1775ರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಪಾಲುದಾರನಾದ ಮೇಲೆಯೇ ಅವನ ಕಷ್ಟ ತೀರಿದ್ದು.

ಗಣಿಗಳಲ್ಲಿ ನೀರೆತ್ತುವ ಯಂತ್ರಕ್ಕೆ ಅವರು ಹಾಕಿದ ಲೆಕ್ಕ ಚೆನ್ನಾಗಿದೆ. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ಇವರಿಗೆ. 1781ರ ನಂತರ ಚಕ್ರ ತಿರುಗಿಸುವ ಯಂತ್ರ ಬಂದಾಗ ಈ ಲೆಕ್ಕ ನಡೆಯಲಿಲ್ಲ. ಯಾಕಂದ್ರೆ ಕೊಳ್ಳುವವರ ಹತ್ತಿರ ಇದ್ದದ್ದು ಗಾಣದ ಎತ್ತಿನ ಹಾಗೆ ಸುತ್ತುವ ಕುದುರೆಗಳು. ಯಂತ್ರ ಎಷ್ಟು ಕುದುರೆಗೆ ಸಮ ಅಂತ ಅವರು ಕೇಳೋರು. ಆಗ ವ್ಯಾಟ್ ಕುದುರೆಯದೇ ಲೆಕ್ಕ ಹಾಕಿದ. ಅದು ನಿಮಿಷಕ್ಕೆ 180 ಅಡಿ ನಡೆಯುತ್ತೆ, 180 ಪೌಂಡ್ ಬಲದಿಂದ ಎಳೆಯುತ್ತೆ ಅಂತ ಹಿಡಿದ. ಗುಣಿಸಿದರೆ 32,400. ಮರುವರ್ಷ, 1783ರಲ್ಲಿ, ಅದನ್ನು 33,000 ಮಾಡಿದ. ಅಂದರೆ 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಶಕ್ತಿ. ನಮ್ಮ ಅಳತೆಯಲ್ಲಿ ಸುಮಾರು 76 ಕೆ.ಜಿ.ಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದ ಹಾಗೆ. ಸಾಧಾರಣ ಕುದುರೆ ದಿನವಿಡೀ ಇಷ್ಟು ದುಡಿಯಲಾರದು. ಹೀಗಾಗಿ ಕೊಂಡವನಿಗೆ ಮೋಸವಾಗಲಿಲ್ಲ. ಇದು ವ್ಯಾಟ್‌ನ ಜಾಣತನವೂ ಹೌದು, ಪ್ರಾಮಾಣಿಕತೆಯೂ ಹೌದು ಅಂತ ನನಗನ್ನಿಸುತ್ತೆ.

ಆದರೆ ಈ ಶಕ್ತಿಯನ್ನು ಎಲ್ಲಿ ಅಳೆಯಬೇಕು? ಸುಮಾರು 1796ರಲ್ಲಿ ವ್ಯಾಟ್‌ನ ಸಹಾಯಕ ಜಾನ್ ಸದರ್ನ್, ಸಿಲಿಂಡರಿನ ಒಳಗಿನ ಒತ್ತಡವನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಬರೆಯುವ ಉಪಕರಣ ಮಾಡಿದ. ಅದು ತೋರಿಸಿದ್ದು ಒಳಗೆ ಹುಟ್ಟಿದ ಶಕ್ತಿ. ಹೊರಗೆ ತಿರುಗುವ ದಂಡಕ್ಕೆ ಬರೋದು ಅದಕ್ಕಿಂತ ಕಡಿಮೆ, ಘರ್ಷಣೆಯಲ್ಲಿ ಒಂದಿಷ್ಟು ಹೋಗುತ್ತೆ. ದಂಡಕ್ಕೇ ಬ್ರೇಕ್ ಹಿಡಿದು ಅಳೆಯುವ ರೀತಿಯನ್ನು ಫ್ರಾನ್ಸಿನ ಪ್ರೋನಿ 1821ರಲ್ಲಿ ಕಂಡುಹಿಡಿದ.

ಈಗಿನ ಗಾಡಿಗಳಲ್ಲೂ ಹಾಗೇ. ಒಂದು ಜೀಪನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದಾಗ ಚಕ್ರದಲ್ಲಿ 51 ಹೆಚ್.ಪಿ. ಬಂತು ಅಂತಿಟ್ಟುಕೊಳ್ಳಿ. ಗೇರುಪೆಟ್ಟಿಗೆ, ಆಕ್ಸಲ್, ಟೈರು ಸೇರಿ ನೂರಕ್ಕೆ 15 ತಿಂದವು. ಹಾಗಾದರೆ ಇಂಜಿನ್ನಿನ ಕ್ರ್ಯಾಂಕಿನಲ್ಲಿ ಎಷ್ಟು? ತುಂಬಾ ಜನ 51ಕ್ಕೆ ಅದರ ನೂರಕ್ಕೆ 15 ಕೂಡಿಸಿ 58.65 ಅಂತಾರೆ. ಅದು ತಪ್ಪು. 15 ಹೋಗಿದ್ದು ಇಂಜಿನ್ನಿನ ಶಕ್ತಿಯಲ್ಲಿ, ಚಕ್ರದ ಶಕ್ತಿಯಲ್ಲಲ್ಲ. 51 ಅನ್ನು 0.85ರಿಂದ ಭಾಗಿಸಬೇಕು. ಉತ್ತರ 60. ಲೆಕ್ಕದ ಪೀರಿಯಡ್ಡಿನ ನಷ್ಟದ ಲೆಕ್ಕವೇ ಇದು, ಬೇಕಾದರೆ ಮಾಡಿ ನೋಡಿ. ಇಷ್ಟಾದರೂ ಆ 15 ಒಂದು ಅಂದಾಜೇ. ಗೇರಿನ ಎಣ್ಣೆ ತಣ್ಣಗಿದ್ದರೆ, ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ನಷ್ಟ ಹೆಚ್ಚು. ಕ್ಲಚ್ ಒತ್ತಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟು, ಎಷ್ಟು ಬೇಗ ನಿಧಾನವಾಗುತ್ತೆ ಅಂತ ನೋಡಿ ನಷ್ಟ ಅಳೆಯುವುದುಂಟು. ಆದರೆ ಹಲ್ಲುಚಕ್ರಗಳ ಮೇಲೆ ಭಾರ ಬಿದ್ದಾಗಿನ ನಷ್ಟ ಅದರಲ್ಲಿ ಪೂರ್ತಿ ಸಿಗೋದಿಲ್ಲ.

ನಮ್ಮ ಚಿಕ್ಕಪ್ಪ ಸಾಲ ಮಾಡಿ ಟ್ರ್ಯಾಕ್ಟರ್ ತಗೋಬೇಕು ಅಂತಿದ್ದಾರೆ. ಟ್ರ್ಯಾಕ್ಟರಿನಲ್ಲೂ ಇಂಜಿನ್ ಹೆಚ್.ಪಿ. ಬೇರೆ, ರೋಟವೇಟರ್ ತಿರುಗಿಸುವ ಪಿ.ಟಿ.ಓ. ಹೆಚ್.ಪಿ. ಬೇರೆ. ದೊಡ್ಡ ಸಂಖ್ಯೆ ಇಂಜಿನ್ನಿನದು, ಹೊಲದಲ್ಲಿ ಕೆಲಸಕ್ಕೆ ಬರೋದು ಚಿಕ್ಕದು. ಯಾವುದಕ್ಕೆ ದುಡ್ಡು ಕೊಡ್ತಿದ್ದೀರಿ ಅಂತ ಕೇಳಿ ಚಿಕ್ಕಪ್ಪ ಅಂದೆ. ಈಗ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ವ್ಯಾಟ್‌ನದು ಎಲ್ಲಾ ಒಳ್ಳೆಯದೇ ಅಂತ ನಾನು ಹೇಳೋದಿಲ್ಲ. ಸದರ್ನ್‌ನ ಆ ಉಪಕರಣವನ್ನು ಅವರ ಕಾರ್ಖಾನೆ ಬಹಳ ವರ್ಷ ಗುಟ್ಟಾಗಿಟ್ಟಿತು. ಪೇಟೆಂಟ್ ಹಿಡಿದುಕೊಂಡು ಬೇರೆಯವರ ಮೇಲೆ ಕೋರ್ಟಿಗೂ ಹೋದರು. 1800ರಲ್ಲಿ ಪೇಟೆಂಟ್ ಮುಗಿಯಿತು, ವ್ಯಾಟ್ ವ್ಯಾಪಾರದಿಂದ ನಿವೃತ್ತನಾದ. 1819ರ ಆಗಸ್ಟ್ 25ರಂದು ತನ್ನ 83ನೇ ವಯಸ್ಸಿನಲ್ಲಿ ತೀರಿಕೊಂಡನು. ಆಮೇಲೆ ಶಕ್ತಿಯ ಅಳತೆಗೆ ಅವನ ಹೆಸರನ್ನೇ ಇಟ್ಟರು. 746 ವ್ಯಾಟ್ ಅಂದರೆ ಒಂದು ಅಶ್ವಶಕ್ತಿ. 5 ಹೆಚ್.ಪಿ. ಮೋಟಾರಿನ ತಗಡಿನ ಮೇಲೆ ಪಕ್ಕದಲ್ಲೇ 3.7 ಕಿಲೋವ್ಯಾಟ್ ಅಂತ ಬರೆದಿರುತ್ತೆ, ನೋಡಿ.