ಕಾರ್ಮಿಕಬಂಧು ನಾರಾಯಣ ಮೇಘಾಜಿ ಲೋಖಂಡೆ

ರವಿವಾರದ ಬಿಡುವಿನಲ್ಲಿ ಈ ಪುಟವನ್ನು ತೆರೆಯುವ ವಾಚಕರಿಗೆ ಆ ಬಿಡುವು ಸೂರ್ಯೋದಯದಷ್ಟೇ ಸಹಜವೆಂದು ತೋರಬಹುದು. ಆದರೆ ನಮ್ಮ ದೇಶದ ಗಿರಣಿ ಕಾರ್ಮಿಕರು ಅದನ್ನು ಹೋರಾಡಿ ಪಡೆದರು. ಅವರ ಪರವಾಗಿ ನಿಂತವರಲ್ಲಿ ಅಗ್ರಗಣ್ಯರು ನಾರಾಯಣ ಮೇಘಾಜಿ ಲೋಖಂಡೆಯವರು. ಭಾರತದ ಕಾರ್ಮಿಕ ಚಳವಳಿಯ ಜನಕರೆಂದು ಮಹಾರಾಷ್ಟ್ರದಲ್ಲಿ ಪ್ರಸಿದ್ಧರಾದ ಈ ಮಹನೀಯರ ಜೀವನವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾವೂ ಅರಿಯಬೇಕೆಂದು ನನ್ನ ಭಾವನೆ. ಈ ನಾಲ್ಕೂ ತಾಲೂಕುಗಳು ಅಂದು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಲೋಖಂಡೆಯವರು ಮಾಡಿದ ಬೇಡಿಕೆಗಳಲ್ಲಿ ಒಂದಂತೂ ಇಂದಿಗೂ ನಮ್ಮ ನೆಲದಲ್ಲಿ ಪೂರ್ಣವಾಗಿ ಈಡೇರಿಲ್ಲ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಮಾಳಿ ಕುಲದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅನುಕೂಲವಿರಲಿಲ್ಲ. ಹೊಟ್ಟೆಪಾಡಿಗಾಗಿ ನೌಕರಿ ಹಿಡಿದ ಅವರು ಕೆಲಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಉಗ್ರಾಣದ ಅಧಿಕಾರಿಯಾದರು. ಕೂಲಿಕಾರರ ಬದುಕನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿಯೇ. ಬೆಳಕು ಹರಿದಾಗ ಆರಂಭವಾದ ದುಡಿಮೆ ಕತ್ತಲಾದಾಗ ಮುಗಿಯುತ್ತಿತ್ತು; ವಾರದ ರಜೆಯೆಂಬುದು ಇರಲಿಲ್ಲ. 1881ರಲ್ಲಿ ಮೊದಲ ಕಾರ್ಖಾನೆ ಕಾನೂನು ಬಂದಿತು. ಅದು ಮಕ್ಕಳ ದುಡಿಮೆಗೆ ಒಂದು ಮಿತಿಯನ್ನು ಹಾಕಿತೇ ಹೊರತು ವಯಸ್ಕರ ದುಡಿಮೆಯ ವೇಳೆಯನ್ನು ಮುಟ್ಟಲಿಲ್ಲ.

ಮಹಾತ್ಮ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜವು ಲೋಖಂಡೆಯವರ ಮನಸ್ಸಿಗೆ ದಾರಿ ತೋರಿಸಿತು. ಆ ಬಳಗದ ಕೃಷ್ಣರಾವ್ ಭಾಲೇಕರರು 1877ರಲ್ಲಿ ಪುಣೆಯಲ್ಲಿ ಹುಟ್ಟುಹಾಕಿದ್ದ ‘ದೀನಬಂಧು’ ಪತ್ರಿಕೆಯ ಹೊಣೆಯನ್ನು 1880ರಲ್ಲಿ ಅವರು ವಹಿಸಿಕೊಂಡು ಮುಂಬಯಿಯಿಂದ ನಡೆಸಿದರು. ಅಕ್ಷರವರಿಯದ ಗಿರಣಿಯವರ ಸುಖದುಃಖಗಳು ಅಂದಿನಿಂದ ಅಚ್ಚಿನ ಮೊಳೆಗಳಲ್ಲಿ ಮೂಡತೊಡಗಿದವು.

1876–78ರ ಭೀಕರ ಕ್ಷಾಮ ನಮ್ಮ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿತ್ತು. 1884ರಲ್ಲಿ ಹೋಟಗಿಯಿಂದ ವಿಜಾಪುರದ ಮಾರ್ಗವಾಗಿ ಗದಗಿನವರೆಗೆ ರೈಲು ಓಡತೊಡಗಿ, ಇಂಡಿ ಸೀಮೆಯವರಿಗೆ ಸೊಲ್ಲಾಪುರದ ಗಿರಣಿಗಳು ಸಮೀಪವಾದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಕಾರ್ಖಾನೆಗಳ ಸ್ಥಿತಿಯನ್ನು ವಿಚಾರಿಸಲು ಸರಕಾರವು ನೇಮಿಸಿದ್ದ ಆಯೋಗಕ್ಕೆ ಅಹವಾಲು ಸಲ್ಲಿಸಲೆಂದು ಮುಂಬಯಿಯ ಪರಳದಲ್ಲಿ ಕಾರ್ಮಿಕರು ಸಭೆ ಸೇರಿದರು. ಲೋಖಂಡೆಯವರ ನೇತೃತ್ವದಲ್ಲಿ ಸಿದ್ಧವಾದ ಮನವಿಗೆ 5,500 ಮಂದಿ ಸಹಿ ಹಾಕಿದರು. ಅದರಲ್ಲಿದ್ದ ಬೇಡಿಕೆಗಳು ಐದು. ರವಿವಾರ ಪೂರ್ತಿ ವಿಶ್ರಾಂತಿ ಬೇಕು. ಮಧ್ಯಾಹ್ನ ಅರ್ಧ ಗಂಟೆಯ ಬಿಡುವು ಬೇಕು. ಕೆಲಸವು ಬೆಳಿಗ್ಗೆ ಆರೂವರೆಗೆ ಆರಂಭವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ಹಿಂದಿನ ತಿಂಗಳ ಪಗಾರ 15ನೆಯ ತಾರೀಖಿನೊಳಗೆ ಕೈಸೇರಬೇಕು. ಐದನೆಯದೇ ಎಲ್ಲಕ್ಕಿಂತ ದೂರದೃಷ್ಟಿಯುಳ್ಳದ್ದು. ಕೆಲಸದಲ್ಲಿ ತೀವ್ರವಾಗಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಪಗಾರ ದೊರೆಯಬೇಕು, ಅಂಗಹೀನನಾದರೆ ಅವನ ಜೀವನಕ್ಕೊಂದು ವ್ಯವಸ್ಥೆಯಾಗಬೇಕು ಎಂಬುದು ಅದರ ತಾತ್ಪರ್ಯ.

1890ರ ಏಪ್ರಿಲ್ 24ರಂದು ನೆರೆದ ಮತ್ತೊಂದು ಮಹಾಸಭೆಗೆ ಸುಮಾರು ಹತ್ತು ಸಾವಿರ ಕಾರ್ಮಿಕರು ಬಂದರು. ಇಬ್ಬರು ಸ್ತ್ರೀಯರೂ ಅಲ್ಲಿ ಭಾಷಣ ಮಾಡಿದರು. ಅದೇ ಜೂನ್ 10ರಂದು ಗಿರಣಿ ಮಾಲೀಕರ ಸಂಘವು ವಾರದ ರಜೆಗೆ ಒಪ್ಪಿತು. ಲೋಖಂಡೆಯವರ ಸಂಘಕ್ಕೆ ಸದಸ್ಯರ ಪಟ್ಟಿಯಾಗಲಿ, ನಿಧಿಯಾಗಲಿ, ನಿಯಮಾವಳಿಯಾಗಲಿ ಇರಲಿಲ್ಲವೆಂದು ಇತಿಹಾಸಕಾರರು ಆಕ್ಷೇಪಿಸುವುದುಂಟು. ಆ ಮಾತು ನಿಜ. ಆದರೂ ಇದ್ದಷ್ಟು ಬಲದಿಂದಲೇ ಅವರು ಸಾಧಿಸಿದ್ದನ್ನು ನೆನೆದರೆ ನನಗೆ ಅವರಲ್ಲಿ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

1896ರಲ್ಲಿ ಮುಂಬಯಿಗೆ ಪ್ಲೇಗು ಅಡಿಯಿಟ್ಟಿತು. ಜನರು ನಗರವನ್ನು ಬಿಟ್ಟು ಓಡುತ್ತಿದ್ದಾಗ ಲೋಖಂಡೆಯವರು ರೋಗಿಗಳ ಶುಶ್ರೂಷೆಗೆ ನಿಂತರು. ಆ ರೋಗವೇ ಅವರಿಗೂ ತಗಲಿ, 1897ರ ಫೆಬ್ರವರಿ 9ರಂದು ಅವರು ತೀರಿಕೊಂಡರು. ಆಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. 2005ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರತಂದಿತು.

ರವಿವಾರದ ರಜೆ ಅವರ ಕಣ್ಣೆದುರಿಗೇ ಕೈಗೂಡಿತು. ಐದನೆಯ ಬೇಡಿಕೆಯ ಪ್ರಯಾಣ ಮಾತ್ರ ದೀರ್ಘವಾಯಿತು. ಗಾಯಕ್ಕೆ ಪರಿಹಾರ ನೀಡುವ ಕಾನೂನು 1923ರಲ್ಲಿ ಬಂದಿತು. ಕಾಯಿಲೆಯ ದಿನಗಳಿಗೂ ಹಣ ಕೊಡುವ ನೌಕರರ ರಾಜ್ಯ ವಿಮಾ ಕಾನೂನು ಬಂದದ್ದು 1948ರಲ್ಲಿ. ಮುಂದೆ ಅದರಡಿ ವೇತನದ ಪ್ರತಿಶತ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುವ ಕ್ರಮ ಏರ್ಪಟ್ಟಿತು. ಆದರೆ ಆ ಕಾನೂನು ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಟ್ಟಿತು. ಅರಳೆ ಬಿಡಿಸುವ ಜಿನ್ನುಗಳು, ಸೇಂಗಾ ಸುಲಿಯುವ ಗಿರಣಿಗಳು, ಸಕ್ಕರೆಯ ಕಾರ್ಖಾನೆಗಳು ಆ ಪಟ್ಟಿಯಲ್ಲಿದ್ದವು. ಹತ್ತಿ, ಸೇಂಗಾ, ಕಬ್ಬುಗಳನ್ನು ಬೆಳೆಯುವ ನಮ್ಮ ಸೀಮೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿನ ಕಾರ್ಖಾನೆಗಳನ್ನು ಈ ವಿಮೆಯೊಳಗೆ ಸೇರಿಸಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರ ತಂದೆತಾಯಿಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರು. ಕಬ್ಬು ಕಡಿಯುವಾಗ ಕೈ ಕೊಯ್ದುಕೊಂಡರೆ, ಜ್ವರದಿಂದ ಮೂರು ದಿನ ಮಲಗಿದರೆ, ಅಷ್ಟು ದಿನಗಳ ಕೂಲಿ ಹೋಯಿತೆಂದೇ ಅವರ ಲೆಕ್ಕ. ಕಾಯಕವನ್ನು ಕೈಲಾಸಕ್ಕೇರಿಸಿದ ಬಸವಣ್ಣನವರ ಹುಟ್ಟುನೆಲ ನಮ್ಮದು. ಕಾಯಕವೆಂಬ ಮಾತಿನಲ್ಲಿಯೇ ಕಾಯವೂ ಇದೆಯೆಂದು ತರಗತಿಯಲ್ಲಿ ನಾನು ಹೇಳುವುದುಂಟು. ದುಡಿಯುವ ಆ ಕಾಯ ಸೋತು ಮಲಗಿದ ದಿನ ಮನೆಯ ಒಲೆ ಆರಬಾರದು ಎಂಬುದಷ್ಟೇ ಲೋಖಂಡೆಯವರ ಐದನೆಯ ಬೇಡಿಕೆಯ ಸಾರ.