ಕುಮಾರ ಗಂಧರ್ವರ ಉಸಿರು

ಹಾಡುವುದು ಕಂಠವೋ ಮನಸ್ಸೋ ಎಂಬ ಪ್ರಶ್ನೆ ಬಹು ಹಳೆಯದು. ಅದೀಗ ಹೊಸ ವೇಷ ತೊಟ್ಟು ನಮ್ಮೆದುರು ನಿಂತಿದೆ. ಕಂಠವಾಗಲಿ ಎದೆಗೂಡಾಗಲಿ ಇಲ್ಲದ ಯಂತ್ರವು ಇಂದು ಹಾಡಬಲ್ಲದು. 2024ರಲ್ಲಿ ತೆರೆಕಂಡ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರಕ್ಕಾಗಿ ಎ. ಆರ್. ರೆಹಮಾನರು, ತೀರಿಕೊಂಡಿದ್ದ ಇಬ್ಬರು ಗಾಯಕರ ಧ್ವನಿಗಳನ್ನು ಅವರ ಮನೆಯವರ ಒಪ್ಪಿಗೆ ಪಡೆದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಮತ್ತೆ ಹಾಡಿಸಿದರು.

ಈ ಸುದ್ದಿಯನ್ನು ನಾನು ಕೇಳಿ ಮರೆಯುವಂತಿರಲಿಲ್ಲ. ನಮ್ಮೂರ ಭಜನಾ ಮೇಳದಲ್ಲಿ ಹಾಡುತ್ತ ಬೆಳೆದವನು ನಾನು. ಹೆಸರಾಂತ ಗಾಯಕರ ದನಿಯನ್ನು ಇದ್ದಂತೆಯೇ ತೆಗೆದು ತೋರಿಸುವುದೇ ನನ್ನ ವಿದ್ಯೆ; ಅದರಿಂದಲೇ ವಿದ್ಯಾರ್ಥಿನಿಲಯದ ಮಿತ್ರರಲ್ಲಿ ನನಗೆ ಒಂದಿಷ್ಟು ಹೆಸರು. ಆ ಕೆಲಸವನ್ನು ಗೆಳೆಯನೊಬ್ಬನ ಮೊಬೈಲು ನನಗಿಂತ ಸೊಗಸಾಗಿ ಮಾಡಿದ ದಿನ, ಇನ್ನು ಹಾಡುವುದನ್ನೇ ಬಿಡೋಣವೆನಿಸಿತು. ಆ ಬೇಸರದಲ್ಲಿದ್ದಾಗ ನನ್ನ ಕೈಹಿಡಿದದ್ದು ಕುಮಾರ ಗಂಧರ್ವರ ಜೀವನಚರಿತ್ರೆ.

ಅವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ. ತಂದೆತಾಯಿ ಇಟ್ಟ ಹೆಸರು ಶಿವಪುತ್ರ. ತಂದೆ ಸಿದ್ಧರಾಮಯ್ಯನವರಿಗೂ ಸಂಗೀತದ ಹುಚ್ಚು. ಬಾಲಕನ ಬಾಯಿಂದ ಹಾಡು ಹೊರಟಿತೆಂದರೆ ಹಿರಿಯರು ಬೆರಗಾಗುತ್ತಿದ್ದರು. ಅಬ್ದುಲ್ ಕರೀಂ ಖಾನರಂಥ ಉಸ್ತಾದರ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ, ಅವರ ಆಲಾಪ, ತಾನು, ದನಿಯ ಬಳುಕುಗಳನ್ನೆಲ್ಲ ಹಾಗೆ ಹಾಗೆಯೇ ಒಪ್ಪಿಸಿಬಿಡುತ್ತಿದ್ದನು. ‘ಕುಮಾರ ಗಂಧರ್ವ’ ಎಂಬ ಬಿರುದು ಎಳೆಯ ವಯಸ್ಸಿನಲ್ಲಿಯೇ ಮಠಾಧಿಪತಿಗಳೊಬ್ಬರಿಂದ ದೊರೆಯಿತು. ಊರೂರುಗಳಲ್ಲಿ ಕಚೇರಿಗಳಾದವು. 1936ರಲ್ಲಿ, 12 ವರ್ಷದ ಅಂಚಿನಲ್ಲಿದ್ದ ಈ ಹುಡುಗ ಮುಂಬಯಿಯ ಸಂಗೀತ ಪರಿಷತ್ತಿನಲ್ಲಿ ಹಾಡಿದಾಗ ಸಭೆಗೆ ಸಭೆಯೇ ತಲೆದೂಗಿತು.

ಇಲ್ಲಿ ನಾನು ಓದುವುದನ್ನು ಕೊಂಚ ನಿಲ್ಲಿಸಿದೆ. ಕೇಳಿದ್ದನ್ನು ಕೇಳಿದಂತೆಯೇ ತಿರುಗಿ ನುಡಿಸುವ ಯಂತ್ರಕ್ಕೂ ಈ ಬಾಲಕನಿಗೂ ಅಂದು ಎಷ್ಟು ಅಂತರವಿತ್ತು? ಪ್ರೊ. ಬಿ. ಆರ್. ದೇವಧರರಿಗೂ ಇಂಥದೇ ಯೋಚನೆ ಬಂದಿರಬೇಕೆಂದು ನನ್ನ ಊಹೆ. ಅದೇ ವರ್ಷ ಹುಡುಗನು ಮುಂಬಯಿಯಲ್ಲಿ ಅವರ ಶಿಷ್ಯನಾದನು. ತಾನು ಹಾಡುತ್ತಿದ್ದುದರ ಒಳಗಿನ ಕಟ್ಟಡವೆಂಥದು, ಒಂದು ರಾಗ ಇನ್ನೊಂದರಿಂದ ಬೇರೆಯಾಗುವುದು ಎಲ್ಲಿ ಎಂಬುದನ್ನು ಮೊದಲಿನಿಂದ ಕಲಿತನು. ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲದ ಆ ಗುರುಗಳು ಶಿಷ್ಯನಿಗೂ ನಾಲ್ಕೂ ಕಡೆಯ ಬಾಗಿಲು ತೆರೆದಿಟ್ಟರು.

1947ರಲ್ಲಿ ಕುಮಾರರು ಸಹಪಾಠಿಯಾಗಿದ್ದ ಭಾನುಮತಿಯವರನ್ನು ಕೈಹಿಡಿದರು. ಹೆಸರೂ ಕೀರ್ತಿಯೂ ಏರುತ್ತಿದ್ದ ಆ ಹೊತ್ತಿನಲ್ಲಿಯೇ ಕ್ಷಯರೋಗ ತಗುಲಿತು. ಹವೆ ಒಳ್ಳೆಯದೆಂದು 1948ರ ಜನವರಿಯಲ್ಲಿ ದಂಪತಿಗಳು ಮಾಳವ ಸೀಮೆಯ ದೇವಾಸಕ್ಕೆ ಬಂದು ನೆಲಸಿದರು. ವೈದ್ಯರು ಹಾಡಬಾರದೆಂದು ಕಟ್ಟಪ್ಪಣೆ ಮಾಡಿದರು. ಹಾಡನ್ನೇ ಉಂಡು ಬೆಳೆದ ಜೀವಕ್ಕೆ ಇದಕ್ಕಿಂತ ದೊಡ್ಡ ಉಪವಾಸವುಂಟೇ? ಸುಮಾರು ಐದು ವರ್ಷ ಹಾಸಿಗೆಯೇ ಅವರ ಪ್ರಪಂಚವಾಯಿತು. ಭಾನುಮತಿಯವರು ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸುತ್ತ ಪತಿಯ ಶುಶ್ರೂಷೆ ಮಾಡಿದರು. ಆಗತಾನೆ ಬಳಕೆಗೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧದಿಂದ ಪ್ರಾಣ ಉಳಿಯಿತು.

ಹಾಡಲಾಗದ ಆ ವರ್ಷಗಳಲ್ಲಿ ಅವರು ಕಿವಿಯಾದರು. ಮದುವೆ ಹಬ್ಬಗಳಲ್ಲಿ ಮಾಳವದ ಹೆಂಗಸರು ಹಾಡುತ್ತಿದ್ದ ಪದಗಳು, ಮಳೆಗಾಲದ ಹಾಡುಗಳು, ಜೋಗಿಗಳ ನಿರ್ಗುಣ ಭಜನೆಗಳು ಅವರ ಹಾಸಿಗೆಯವರೆಗೂ ಬಂದವು. ನಾಲ್ಕೈದು ಸ್ವರಗಳಲ್ಲಿಯೇ ಮುಗಿದುಹೋಗುವ ಆ ಧಾಟಿಗಳಲ್ಲಿ ರಾಗಗಳ ಬೀಜ ಇದೆಯೆಂದು ಅವರಿಗೆ ಹೊಳೆಯಿತು. ಇದನ್ನೋದುವಾಗ ನನಗೆ ಬೀಸುಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯ ನೆನಪಾಯಿತು. ಕಲ್ಲು ಒಂದು ಸುತ್ತು ಬಂದರೆ ಪದದ ಒಂದು ಸಾಲು. ತೋಳು ಸೋತಲ್ಲಿ ಹಾಡಿಗೂ ನಿಲುಗಡೆ. ಅಕ್ಷರವರಿಯದ ಅವಳ ಹಾಡಿಗೆ ತಾಳ ಹಾಕಿದ್ದು ಅವಳ ತೋಳೇ.

1953ರ ಹೊತ್ತಿಗೆ ಕುಮಾರರು ಮತ್ತೆ ವೇದಿಕೆಗೆ ಬಂದರು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಂತಾಗಿತ್ತು. ಖ್ಯಾಲ್ ಗಾಯನದಲ್ಲಿ ದೀರ್ಘವಾದ ಉಸಿರೇ ದೊಡ್ಡ ಬಂಡವಾಳ. ಆ ಬಂಡವಾಳ ಅರ್ಧಕ್ಕರ್ಧ ಕರಗಿದ ಮೇಲೆ ಹಳೆಯ ದಾರಿಯಲ್ಲಿ ನಡೆಯುವಂತಿರಲಿಲ್ಲ. ಅವರು ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ ರಾಗವನ್ನು ಕಟ್ಟತೊಡಗಿದರು. ಒಂದು ಸ್ವರ ಮಿಂಚಿನಂತೆ ಮೇಲಕ್ಕೆ ಚಿಮ್ಮುವುದು, ಒಡನೆಯೇ ಮೌನ. ಆ ಮೌನವನ್ನು ಹದವಾಗಿ ಶ್ರುತಿಮಾಡಿದ ತಂಬೂರಿಗಳು ತುಂಬುವುವು. ಅಷ್ಟರಲ್ಲಿ ಉಸಿರು ಮರಳುವುದು. ಸಂಪ್ರದಾಯವನ್ನು ಕೆಡಿಸಿದರೆಂದು ಆಕ್ಷೇಪಿಸಿದವರೂ ಇದ್ದರು. ರೋಗವೇ ಅವರನ್ನು ದೊಡ್ಡವರನ್ನಾಗಿ ಮಾಡಿತೆಂದರೆ ಅದು ಅನ್ಯಾಯದ ಮಾತು. ಕ್ಷಯದಿಂದ ನರಳಿದವರು ಲಕ್ಷಾಂತರ ಮಂದಿ. ಉಳಿದಷ್ಟು ಉಸಿರಿಗೆ ತಕ್ಕ ಹಾಡನ್ನು ಹುಡುಕಿದ್ದು ಅವರ ಚಿಂತನೆ.

1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ಬಾಳಿಗೆ ಬಂದ ವಸುಂಧರಾ ಅವರು ಹಾಡಿಗೂ ಜೊತೆಯಾದರು. ಜಾನಪದ ಧಾಟಿಗಳಿಂದ ಮಾಲವತಿ, ಲಗನಗಾಂಧಾರ ಮುಂತಾದ ರಾಗಗಳು ಹುಟ್ಟಿದವು. 1965ರಲ್ಲಿ ‘ಅನೂಪರಾಗವಿಲಾಸ’ ಎಂಬ ಅವರ ಗ್ರಂಥ ಹೊರಬಂದಿತು. ಕಬೀರರ ನಿರ್ಗುಣ ಪದಗಳು ಅವರ ಕಂಠದಿಂದ ಮನೆಮನೆಗೆ ಮುಟ್ಟಿದವು. 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. 1992ರ ಜನವರಿ 12ರಂದು ದೇವಾಸದಲ್ಲಿಯೇ ಆ ಉಸಿರು ನಿಂತಿತು.

ಕುಮಾರ ಗಂಧರ್ವರ ಧ್ವನಿಮುದ್ರಣಗಳನ್ನು ಉಣಿಸಿದರೆ ಯಂತ್ರವು ಅವರ ದನಿಯನ್ನೂ ತೆಗೆದೀತು. ನಡುನಡುವಿನ ಮೌನವನ್ನೂ ಬಿಡದೆ ಇಟ್ಟೀತು. ಆದರೆ ಗಾಳಿ ಸಾಲದೆ ಒಂದು ಕ್ಷಣ ನಿಲ್ಲಲೇಬೇಕಾದ ಸಂಕಟ ಅದಕ್ಕಿಲ್ಲ. ಮುಂದಿನ ಸ್ವರ ಕೈಗೆ ಸಿಕ್ಕೀತೋ ಇಲ್ಲವೋ ಎಂಬ ಭಯವೂ ಇಲ್ಲ. ಪ್ಲೇಟುಗಳನ್ನು ಒಪ್ಪಿಸುತ್ತಿದ್ದ ಬಾಲಕ ಶಿವಪುತ್ರನಿಗೂ ಆ ಭಯವಿರಲಿಲ್ಲ. ಅದನ್ನು ಕಂಡ ಮೇಲೆ ಅವರು ಹಾಡಿದ್ದು ಇನ್ನೊಬ್ಬರ ಹಾಡಾಗಿರಲಿಲ್ಲ.

ನಾನು ಹಾಡುವುದನ್ನು ಬಿಡಲಿಲ್ಲ. ಕಳೆದ ಶ್ರಾವಣದಲ್ಲಿ ಮೇಳದೊಡನೆ ಕುಳಿತಾಗ ಮೊದಲ ಬಾರಿಗೆ ಯಾರ ದನಿಯನ್ನೂ ತೆಗೆಯದೆ ಹಾಡಿದೆ. ಎರಡನೆಯ ನುಡಿಯಲ್ಲಿ ಉಸಿರು ಕಟ್ಟಿ ದನಿ ಒಡೆಯಿತು; ಮಿತ್ರರು ನಕ್ಕರು. ಉಸಿರು ಎಳೆದುಕೊಂಡು ಮುಂದಿನ ನುಡಿಯನ್ನು ಹಾಡಿದೆ. ನನ್ನ ದನಿ ಎಂಥದೆಂದು ನನಗೆ ತಿಳಿದದ್ದು ಅಂದೇ.