ನೆಟಾಲಿನ ಕರಾವಳಿಯಲ್ಲಿ ಗಾಂಧೀಜಿ

ಲೋಕದಲ್ಲಿ ಪ್ರವಾಸ ಮಾಡುವವರು ಬಹು ಮಂದಿ. ಕಾಲಿಟ್ಟ ನಾಡನ್ನು ನಿಜವಾಗಿ ಕಂಡು ಬಂದವರು ಕೆಲವರು ಮಾತ್ರ. ಈ ಮಾತು ನನಗೆ ಮೊದಲು ತಿಳಿದದ್ದು ಗ್ರಂಥಗಳಿಂದಲ್ಲ, ನಮ್ಮೂರಾದ ಆಗುಂಬೆಯಲ್ಲಿ. ಮಳೆಗಾಲ ಕಳೆದು ಆಕಾಶ ತಿಳಿಯಾದೊಡನೆ, ಸಂಜೆಯ ಹೊತ್ತು ನಮ್ಮ ಘಟ್ಟದ ತುದಿಯಲ್ಲಿ ಮೋಟಾರುಗಳ ಸಾಲು ನಿಲ್ಲುತ್ತದೆ. ಬಂದವರು ದೂರದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ, ಕತ್ತಲಾಗುತ್ತಲೇ ಹೊರಟುಹೋಗುತ್ತಾರೆ. ಇಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆಂಬುದು ಅವರಿಗೆ ಗೊತ್ತು. ಆ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆ ತೋಟಗಳಲ್ಲಿ ದುಡಿಯುವವರು ಯಾರೆಂಬುದು ಗೊತ್ತಿಲ್ಲ. ಓದು ಬರಹ ಅರಿಯದ ನನ್ನ ತಂದೆ ಅಂಥ ಎಷ್ಟೋ ಮಂದಿಗೆ ದಾರಿ ತೋರಿಸಿದ್ದಾರೆ. ಅವರ ಹೆಸರನ್ನು ಕೇಳಿದವರೊಬ್ಬರನ್ನೂ ನಾನು ನೋಡಲಿಲ್ಲ.

ಸೂರ್ಯ ಮುಳುಗುವ ಆ ಸಮುದ್ರವನ್ನು ನೈರುತ್ಯಕ್ಕೆ ಸಾವಿರಾರು ಮೈಲಿ ದಾಟಿ ಹೋದರೆ ದಕ್ಷಿಣ ಆಫ್ರಿಕದ ಪೂರ್ವ ಕರಾವಳಿ ಸಿಕ್ಕುತ್ತದೆ. ಹಿಂದೆ ಅದಕ್ಕೆ ನೆಟಾಲ್ ಎಂದು ಹೆಸರು. 1994ರಿಂದ ಅದು ಕ್ವಾಜುಲು-ನೆಟಾಲ್ ಪ್ರಾಂತ. ನಮ್ಮ ಸಹ್ಯಾದ್ರಿಯಂತೆ ಅಲ್ಲಿಯೂ ಒಳನಾಡಿನಲ್ಲಿ ಒಂದು ಪರ್ವತಶ್ರೇಣಿ ಕೋಟೆಗೋಡೆಯಂತೆ ನಿಂತಿದೆ. ಅದರ ಹೆಸರು ಡ್ರಾಕೆನ್ಸ್‌ಬರ್ಗ್. ಕಡಲಲ್ಲಿ ಬೆಚ್ಚಗಿನ ಪ್ರವಾಹ ಹರಿಯುವುದರಿಂದ ಚಳಿಗಾಲದಲ್ಲಿಯೂ ತೀರದಲ್ಲಿ ಹಿತವಾದ ಹವೆ ಇರುತ್ತದೆ. ಆದಕಾರಣ ರಜೆ ಕಳೆಯಲು ಡರ್ಬನ್ ನಗರಕ್ಕೆ ಬರುವವರು ಅಸಂಖ್ಯ. ಗರಿ, ಕೊಂಬು, ಮಣಿಗಳ ಭಾರಿ ಕಿರೀಟ ತೊಟ್ಟು ರಿಕ್ಷಾ ಎಳೆಯುವ ಜುಲು ಜನರನ್ನು ಅಲ್ಲಿಯ ಕಡಲ ದಂಡೆಯಲ್ಲಿ ನೋಡಿ ಅವರು ಸಂತೋಷಪಡುತ್ತಾರೆ. ಈ ಜುಲು ಜನರೇ ಆ ನಾಡಿನ ಒಡೆಯರಾಗಿದ್ದರು. 1828ರಲ್ಲಿ ಮಡಿದ ಅವರ ದೊರೆ ಶಾಕಾ ಚದರಿದ್ದ ಕುಲಗಳನ್ನು ಕೂಡಿಸಿ ಬಲವಾದ ರಾಜ್ಯವನ್ನು ಕಟ್ಟಿದನು. 1879ರ ಜನವರಿ 22ರಂದು ಇಸಾಂಡ್ಲ್ವಾನಾ ಎಂಬ ಗುಡ್ಡದ ಬುಡದಲ್ಲಿ ಜುಲು ಸೈನ್ಯ ಬಹುಮಟ್ಟಿಗೆ ಈಟಿ ಗುರಾಣಿಗಳಿಂದಲೇ ಬ್ರಿಟಿಷರ ಬಂದೂಕಿನ ಪಡೆಯನ್ನು ಸೋಲಿಸಿತು. ಆದರೂ ಅದೇ ವರ್ಷ ಆ ರಾಜ್ಯ ಬಿದ್ದಿತು.

ಈ ಕರಾವಳಿಗೆ 1893ರ ಮೇ ತಿಂಗಳಲ್ಲಿ ಇಪ್ಪತ್ಮೂರು ವರ್ಷದ ಒಬ್ಬ ತರುಣ ವಕೀಲರು ಹಡಗಿನಿಂದ ಇಳಿದರು. ಅವರೇ ಮೋಹನದಾಸ ಕರಮಚಂದ ಗಾಂಧಿ. ಮಹಾತ್ಮರ ಜೀವನಚರಿತ್ರೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಕರಾವಳಿಯ ಮೂಲನಿವಾಸಿಗಳನ್ನು ಅವರು ಕಂಡುಕೊಂಡ ಬಗೆಯನ್ನು ನಾವು ಸಾಮಾನ್ಯವಾಗಿ ಓದಿ ಮುಂದೆ ಹೋಗುತ್ತೇವೆ. ಅದನ್ನೇ ಇಲ್ಲಿ ನನ್ನ ಅಲ್ಪಮತಿಗೆ ತಿಳಿದಷ್ಟು ಬರೆಯಲು ಯತ್ನಿಸಿದ್ದೇನೆ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ, 1891ರಲ್ಲಿ ಬ್ಯಾರಿಸ್ಟರಾಗಿ ಹಿಂದಿರುಗಿದ ಗಾಂಧಿಯವರಿಗೆ ಸ್ವದೇಶದಲ್ಲಿ ವಕೀಲಿ ಕೈಹತ್ತಲಿಲ್ಲ. ಬೊಂಬಾಯಿಯ ಕೋರ್ಟಿನಲ್ಲಿ ಎದ್ದು ನಿಂತಾಗ ಅವರಿಗೆ ಬಾಯಿಯೇ ಹೊರಡಲಿಲ್ಲವಂತೆ. ಅಂಥ ಸಮಯದಲ್ಲಿ ಡರ್ಬನ್ನಿನ ವರ್ತಕರಾದ ದಾದಾ ಅಬ್ದುಲ್ಲಾ ಅವರ ವ್ಯಾಜ್ಯದ ಕೆಲಸ ಬಂದಿತು. ಅವಧಿ ಒಂದು ವರ್ಷ. ಪ್ರತಿಫಲ 105 ಪೌಂಡು. ಡರ್ಬನ್ನಿನಿಂದ ಪ್ರಿಟೋರಿಯಕ್ಕೆ ಹೊರಟ ರಾತ್ರಿ, ಮೊದಲನೆಯ ದರ್ಜೆಯ ಟಿಕೆಟು ಕೈಯಲ್ಲಿದ್ದರೂ, ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ಗಾಡಿಯಿಂದ ಹೊರಕ್ಕೆ ತಳ್ಳಿದರು. ಭೂಮಧ್ಯರೇಖೆಯ ಆಚೆ ಜೂನ್ ತಿಂಗಳು ಚಳಿಗಾಲ. ಆ ಊರೋ ಎತ್ತರದ ಪ್ರದೇಶ. ದೀಪವಿಲ್ಲದ ಕೋಣೆಯಲ್ಲಿ ನಡುಗುತ್ತಾ ಕುಳಿತ ಅವರು ಊರಿಗೆ ಹಿಂದಿರುಗಬೇಕೆ, ನಿಂತು ಹೋರಾಡಬೇಕೆ ಎಂದು ಯೋಚಿಸಿದರು. ನಿಂತರು. ಒಂದು ವರ್ಷಕ್ಕೆಂದು ಹೋದವರು, ನಡುವೆ ತಾಯ್ನಾಡಿಗೆ ಬಂದು ಹೋದ ಕಾಲವೂ ಸೇರಿ, ಇಪ್ಪತ್ತೊಂದು ವರ್ಷ ಅಲ್ಲಿಯವರಾದರು.

ಅಲ್ಲಿ ಅವರು ಕಂಡ ಭಾರತೀಯರು ಯಾರು? ನೆಟಾಲಿನ ಕಡಲತೀರದ ಭೂಮಿ ಕಬ್ಬಿಗೆ ಬಹು ಅನುಕೂಲ. ಸ್ವಂತ ಹೊಲವೂ ದನಗಳೂ ಇದ್ದ ಜುಲು ಜನರು ಬಿಳಿಯರ ಕಬ್ಬಿನ ತೋಟಗಳಲ್ಲಿ ಅವರು ಹೇಳಿದ ಷರತ್ತಿಗೆ ದುಡಿಯಲು ಒಪ್ಪಲಿಲ್ಲ. ಆದ್ದರಿಂದ ತೋಟದ ಯಜಮಾನರು ಭಾರತದತ್ತ ಕಣ್ಣು ಹಾಕಿದರು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಮೊದಲ ಹಡಗು ಡರ್ಬನ್ ತಲುಪಿತು. 1911ರವರೆಗೆ 1,52,184 ಮಂದಿ ಕರಾರಿನ ಕೂಲಿಗಳಾಗಿ ಹೋದರು. ಇವರಲ್ಲಿ ಹೆಚ್ಚಿನವರು ನಮ್ಮ ದಕ್ಷಿಣದವರೇ. ಯಜಮಾನನಿಂದ ಹೊಡೆತ ತಿಂದು, ಹಲ್ಲು ಮುರಿದು, ರುಮಾಲನ್ನು ಕೈಯಲ್ಲಿ ಹಿಡಿದು ಬಂದ ಬಾಲಸುಂದರಂ ಎಂಬ ತಮಿಳು ಕೂಲಿಯಿಂದ ಗಾಂಧಿಯವರಿಗೆ ಈ ಜನರ ಪರಿಚಯವಾಯಿತು. 1894ರಲ್ಲಿ ಅವರು ನೆಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ಕರಾರು ಮುಗಿದ ಕೂಲಿಗಳ ಮೇಲೆ 1895ರಲ್ಲಿ ವಿಧಿಸಿದ ವರ್ಷಕ್ಕೆ ಮೂರು ಪೌಂಡಿನ ತಲೆಗಂದಾಯವನ್ನು ವಿರೋಧಿಸಿದರು.

ಇಲ್ಲಿ ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ಮಹಾಪುರುಷರ ಚರಿತ್ರೆ ಬರೆಯುವಾಗ ಕುಂದುಗಳನ್ನು ಬಿಟ್ಟು ಗುಣಗಳನ್ನು ಮಾತ್ರ ಹೇಳುವುದು ರೂಢಿ. ಆದರೆ ತಮ್ಮ ತಪ್ಪುಗಳನ್ನು ತಾವೇ ಲೋಕದ ಮುಂದಿಟ್ಟ ಮಹಾತ್ಮರಿಗೆ ಆ ರೂಢಿ ಒಪ್ಪುವುದಿಲ್ಲ. ಆ ಮೊದಲ ವರ್ಷಗಳಲ್ಲಿ ಗಾಂಧಿಯವರ ಕಣ್ಣಿಗೆ ಜುಲು ಜನರು ಬಿದ್ದಿರಲಿಲ್ಲ. ಬಿದ್ದರೂ ಸಮಾನರಾಗಿ ಕಂಡಿರಲಿಲ್ಲ. ಡರ್ಬನ್ನಿನ ಅಂಚೆ ಕಚೇರಿಯಲ್ಲಿ ಭಾರತೀಯರಿಗೂ ಆಫ್ರಿಕನ್ನರಿಗೂ ಒಂದೇ ಬಾಗಿಲು ಇದ್ದಿತು. ಅದನ್ನು ಅವಮಾನವೆಂದು ಬಗೆದು ಭಾರತೀಯರಿಗೆ ಬೇರೆ ಬಾಗಿಲು ಮಾಡಿಸಿಕೊಂಡದ್ದನ್ನು ಅವರ ಸಂಸ್ಥೆ 1895ರಲ್ಲಿ ಜಯವೆಂದೇ ವರದಿ ಮಾಡಿತು. ಆಫ್ರಿಕನ್ನರನ್ನು ಕುರಿತು ಬಿಳಿಯರು ಬಳಸುತ್ತಿದ್ದ ಹೀನ ಪದವನ್ನೇ ಅವರ ಲೇಖನಿಯೂ ಬಳಸಿತು. ಗಾಡಿಯಿಂದ ನೂಕಿಸಿಕೊಂಡವರು, ತಮಗಿಂತ ಕೆಳಗೆ ನೂಕಲ್ಪಟ್ಟವರನ್ನು ಇನ್ನೂ ನೋಡಿರಲಿಲ್ಲ.

1897ರ ಜನವರಿಯಲ್ಲಿ ಊರಿನಿಂದ ಮರಳಿದಾಗ ಡರ್ಬನ್ನಿನ ಬೀದಿಯಲ್ಲಿ ಬಿಳಿಯರ ಗುಂಪು ಅವರ ಮೇಲೆ ಬಿದ್ದಿತು. ಜೊತೆಯಲ್ಲಿದ್ದ ಲಾಟನ್ ಎಂಬ ಮಿತ್ರರು ರಿಕ್ಷಾ ಕರೆದರು. ಮನುಷ್ಯ ಎಳೆಯುವ ಗಾಡಿಯಲ್ಲಿ ಕೂರುವುದು ಗಾಂಧಿಯವರಿಗೆ ಹಿಡಿಸದು. ಅಂದಿನವರೆಗೆ ಕುಳಿತೂ ಇರಲಿಲ್ಲ. ಅಷ್ಟರಲ್ಲಿ ಗುಂಪಿನ ಬೆದರಿಕೆಗೆ ಹೆದರಿ ರಿಕ್ಷಾದ ಜುಲು ತರುಣ ಓಡಿಹೋದನು. ಪೊಲೀಸ್ ಅಧಿಕಾರಿ ಅಲೆಕ್ಸಾಂಡರರ ಪತ್ನಿ ತಮ್ಮ ಕೊಡೆಯನ್ನು ಅಡ್ಡ ಹಿಡಿದು ಗಾಂಧಿಯವರ ಪ್ರಾಣ ಉಳಿಸಿದುದು ಎಲ್ಲರೂ ಬಲ್ಲ ಕಥೆ. ಆ ಓಡಿಹೋದ ತರುಣನ ಹೆಸರು ಯಾವ ಪುಸ್ತಕದಲ್ಲಿಯೂ ನನಗೆ ದೊರೆಯಲಿಲ್ಲ.

1904ರಲ್ಲಿ ರೈಲಿನಲ್ಲಿ ಓದಿದ ರಸ್ಕಿನ್ನರ ಗ್ರಂಥದ ಪ್ರಭಾವದಿಂದ ಗಾಂಧಿಯವರು ಡರ್ಬನ್ನಿಗೆ ಸುಮಾರು ಹದಿನಾಲ್ಕು ಮೈಲಿ ದೂರದ ಫೀನಿಕ್ಸಿನಲ್ಲಿ ನೂರು ಎಕರೆ ಭೂಮಿಯನ್ನು ಸಾವಿರ ಪೌಂಡಿಗೆ ಕೊಂಡರು. ಹುಲ್ಲು ಬೆಳೆದು ಹಾವುಗಳು ತುಂಬಿದ್ದ ಜಾಗ. ಆಗುಂಬೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಚ್ಚುಕೂಟವನ್ನು ಅಲ್ಲಿಗೆ ಸಾಗಿಸಿ, ಎಲ್ಲರೂ ಕೈಯಾರೆ ದುಡಿದು, ಇಂಡಿಯನ್ ಒಪೀನಿಯನ್ ಪತ್ರಿಕೆಯನ್ನು ಹೊರಡಿಸಿದರು. ಆ ಸುತ್ತಿನ ಇನಾಂಡಾ ಸೀಮೆಯಲ್ಲಿಯೇ ಜಾನ್ ದುಬೆ ಎಂಬ ಜುಲು ವಿದ್ವಾಂಸರು ಓಹ್ಲಾಂಗೆ ಎಂಬ ಶಾಲೆಯನ್ನು ಕಟ್ಟಿ, ತಮ್ಮ ಜನರ ಮಕ್ಕಳಿಗೆ ವಿದ್ಯೆಯನ್ನೂ ಕೈಕಸುಬನ್ನೂ ಕಲಿಸುತ್ತಿದ್ದರು. 1903ರಿಂದ ಜುಲು ಭಾಷೆಯಲ್ಲಿ ಪತ್ರಿಕೆಯನ್ನೂ ನಡೆಸುತ್ತಿದ್ದರು. 1905ರಲ್ಲಿ ಒಂದು ಸಭೆಯಲ್ಲಿ ದುಬೆಯವರ ಭಾಷಣ ಕೇಳಿದ ಗಾಂಧಿಯವರು ಅವರನ್ನು ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಬರೆದರು. ಆ ದುಬೆಯವರೇ 1912ರಲ್ಲಿ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎನಿಸಿದ ಸಂಸ್ಥೆಯ ಮೊದಲನೆಯ ಅಧ್ಯಕ್ಷರಾದರು.

ಆದರೆ ಗಾಂಧಿಯವರ ಕಣ್ಣು ಪೂರ್ತಿ ತೆರೆದದ್ದು 1906ರಲ್ಲಿ. ನೆಟಾಲ್ ಸರ್ಕಾರ ವಯಸ್ಕ ಗಂಡಸರ ಮೇಲೆ ಒಂದು ಪೌಂಡಿನ ತಲೆಗಂದಾಯ ಹಾಕಿತು. ಅದನ್ನು ಕೊಡಲಾರದೆ ಬಂಬಾಥಾ ಎಂಬ ನಾಯಕನೊಡನೆ ಜುಲು ಜನರು ಎದ್ದರು. ಸಾಮ್ರಾಜ್ಯಕ್ಕೆ ನಿಷ್ಠೆ ತೋರುವುದು ಭಾರತೀಯರ ಧರ್ಮವೆಂದು ಆಗ ನಂಬಿದ್ದ ಗಾಂಧಿಯವರು, ಸುಮಾರು ಇಪ್ಪತ್ತು ಮಂದಿಯ ಡೋಲಿ ದಳವೊಂದನ್ನು ಕಟ್ಟಿಕೊಂಡು ಸರ್ಕಾರದ ಪಕ್ಷದಲ್ಲಿಯೇ ಹೊರಟರು. ಹೋಗಿ ನೋಡಿದರೆ ಅದು ಯುದ್ಧವಾಗಿರಲಿಲ್ಲ, ಬೇಟೆಯಾಗಿತ್ತು. ಆ ದಂಗೆಯಲ್ಲಿ ಸತ್ತ ಜುಲು ಜನರ ಸಂಖ್ಯೆ ಮೂರು ಸಾವಿರಕ್ಕೂ ಮೇಲೆಂದು ಇತಿಹಾಸಕಾರರು ಹೇಳುತ್ತಾರೆ. ದಳದವರ ಕೈಗೆ ಬಂದ ಜುಲು ಗಾಯಾಳುಗಳಲ್ಲಿ ಅನೇಕರು ಗುಂಡು ತಗಲಿದವರಲ್ಲ. ಸಂಶಯದ ಮೇಲೆ ಹಿಡಿದು ಚಾಟಿಯಿಂದ ಹೊಡೆಸಿದವರು. ಅವರ ಗಾಯಗಳು ಕೀವುಗಟ್ಟಿದ್ದವು. ಬಿಳಿಯ ದಾದಿಯರು ಅವರನ್ನು ಮುಟ್ಟಲು ಒಪ್ಪಲಿಲ್ಲ. ಗಾಂಧಿಯವರೂ ಅವರ ಸಂಗಡಿಗರೂ ಆ ಗಾಯಗಳನ್ನು ತೊಳೆದರು, ಕಟ್ಟಿದರು. ಭಾಷೆ ಬಾರದಿದ್ದರೂ ಆ ಜನರ ಕಣ್ಣುಗಳಲ್ಲಿ ಕೃತಜ್ಞತೆಯನ್ನು ಕಂಡರು.

ಈ ಗುಡ್ಡಗಳಲ್ಲಿ ಡೋಲಿ ಹೊತ್ತು ಮೈಲಿಗಟ್ಟಲೆ ನಡೆಯುವಾಗಲೇ ಬ್ರಹ್ಮಚರ್ಯವ್ರತದ ಸಂಕಲ್ಪ ಅವರ ಮನಸ್ಸಿನಲ್ಲಿ ಗಟ್ಟಿಯಾಯಿತು. ಅದೇ ವರ್ಷದ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಸಭೆಯಲ್ಲಿ, ಮುಂದೆ ಸತ್ಯಾಗ್ರಹವೆಂದು ಹೆಸರಾದ ಪ್ರತಿಜ್ಞೆ ಹುಟ್ಟಿತು. ಈಟಿ ಹಿಡಿದವರ ಗತಿಯನ್ನು ಕಣ್ಣಾರೆ ಕಂಡವರು, ಎರಡು ತಿಂಗಳಲ್ಲಿ ಆಯುಧವಿಲ್ಲದ ಹೋರಾಟದ ದಾರಿ ಹಿಡಿದದ್ದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇದಾದ ಮೇಲೆಯೂ ಅವರ ಹೋರಾಟ ಭಾರತೀಯರದಾಗಿಯೇ ಉಳಿಯಿತು. ಹಳೆಯ ಮಾತುಗಳೂ ಒಂದೇ ದಿನದಲ್ಲಿ ಅಳಿಯಲಿಲ್ಲ. ಆದರೂ 1908ರ ಮೇ ತಿಂಗಳ ಒಂದು ಭಾಷಣದಲ್ಲಿ ಅವರು ಎಲ್ಲ ಜನಾಂಗಗಳೂ ಬೆರೆತು ಬಾಳುವ ದಕ್ಷಿಣ ಆಫ್ರಿಕವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರು.

1913ರಲ್ಲಿ ಮೂರು ಪೌಂಡಿನ ಕಂದಾಯದ ವಿರುದ್ಧ ಗಣಿಗಳ ಕೂಲಿಗಳೂ ತೋಟಗಳ ಕೂಲಿಗಳೂ ಕೆಲಸ ನಿಲ್ಲಿಸಿದರು. ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಗಾಂಧಿಯವರೊಡನೆ ನೆಟಾಲಿನ ಗಡಿ ದಾಟಿ ನಡೆದರು. ಕಸ್ತೂರಬಾ ಅವರೂ ಸೆರೆಮನೆ ಸೇರಿದರು. 1914ರಲ್ಲಿ ಕಂದಾಯ ರದ್ದಾಯಿತು. ಜುಲೈ 18ರಂದು ಗಾಂಧಿಯವರು ಆಫ್ರಿಕವನ್ನು ಬಿಟ್ಟು ಹೊರಟರು. ಒಂಬತ್ತು ವರ್ಷಗಳ ತರುವಾಯ ಯೆರವಡಾ ಸೆರೆಮನೆಯಲ್ಲಿ ಆ ಹೋರಾಟದ ಚರಿತ್ರೆ ಬರೆಯಲು ಕುಳಿತಾಗ, ಮೊದಲ ಪುಟಗಳಲ್ಲಿಯೇ ಅವರು ಜುಲು ಜನರ ವರ್ಣನೆಗೆ ತೊಡಗಿದರು: ಅವರ ಎತ್ತರವಾದ ಮೈಕಟ್ಟು, ದುಂಡನೆಯ ಗುಡಿಸಲು, ಇಂಪಾದ ನುಡಿ. ಆ ಭಾಷೆಯ ಮಾತುಗಳು ಬಹುಮಟ್ಟಿಗೆ ಅಕಾರದಲ್ಲಿ ಕೊನೆಗೊಳ್ಳುವುದರಿಂದ ಕಿವಿಗೆ ಮೃದುವೆಂದು ಅವರು ಗುರುತಿಸಿದ್ದರು. ನಮ್ಮ ಕನ್ನಡವೂ ಸ್ವರದಲ್ಲಿಯೇ ಮಾತು ಮುಗಿಸುವ ಭಾಷೆಯಲ್ಲವೆ? ಮೊದಲು ಬೇರೆ ಬಾಗಿಲು ಕೇಳಿದವರು ಕೊನೆಗೆ ಆ ಮನೆಯ ಮಾತಿನ ಇಂಪನ್ನು ಹೇಳುವಂತಾದರು.

ಮಹಾತ್ಮರು ನಮ್ಮ ಮಲೆನಾಡಿಗೂ ಬಂದಿದ್ದರು. 1927ರ ಆಗಸ್ಟಿನಲ್ಲಿ, ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದ ಮೇಲೆ, ಖಾದಿಯ ಪ್ರಚಾರಕ್ಕಾಗಿ ಶಿವಮೊಗ್ಗದ ಕಡೆ ಸಂಚರಿಸುತ್ತಾ ಸಾಗರಕ್ಕೆ ಬಂದರು. ಜೋಗದ ಜಲಪಾತ ಅಲ್ಲಿಂದ ಹತ್ತಿರ. ಜೊತೆಯಲ್ಲಿದ್ದ ಕಾಕಾ ಕಾಲೇಲ್ಕರರು ಅವರನ್ನು ಕರೆದರು, ಅವರು ಹೋಗಲಿಲ್ಲ. ಜಲಪಾತದ ಎತ್ತರವನ್ನು ಬಣ್ಣಿಸಿದಾಗ, ಮಳೆಯ ನೀರು ಅದಕ್ಕಿಂತಲೂ ಎತ್ತರದಿಂದ ಬೀಳುತ್ತದೆಂದು ಅವರು ನಕ್ಕುಬಿಟ್ಟರೆಂದು ಕಾಲೇಲ್ಕರರು ಬರೆದಿಟ್ಟಿದ್ದಾರೆ. ನಾನು ಜೋಗವನ್ನು ನೋಡಿದ್ದೇನೆ, ಮತ್ತೊಮ್ಮೆ ನೋಡಲೂ ಆಸೆಯಿದೆ. ಎಲ್ಲರೂ ಮಹಾತ್ಮರಂತೆ ಬಿಟ್ಟುಬಿಡಬೇಕೆಂದು ನಾನು ಹೇಳಲಾರೆ. ಆದರೆ ಮಳೆಯಲ್ಲಿ ನೆನೆಯುವ ಜನರನ್ನು ನೋಡಲು ಬಂದವರಿಗೆ ಜಲಪಾತ ದೊಡ್ಡದೆನಿಸದಿದ್ದುದು ಸಹಜವೇ.

1948ರ ಜನವರಿ 30ರಂದು ಅವರು ತೀರಿಕೊಂಡರು. 1985ರ ದೊಂಬಿಯಲ್ಲಿ ಫೀನಿಕ್ಸಿನ ಅವರ ಮನೆಯೂ ಅಚ್ಚುಕೂಟವೂ ಸುಟ್ಟುಹೋದವು. 2000ದಲ್ಲಿ ಅವನ್ನು ಮತ್ತೆ ಕಟ್ಟಿ ತೆರೆದರು. 1994ರ ಏಪ್ರಿಲ್ 27ರಂದು ನೆಲ್ಸನ್ ಮಂಡೇಲಾ ತಮ್ಮ ಜೀವನದ ಮೊದಲ ಮತವನ್ನು ಹಾಕಲು ಆರಿಸಿಕೊಂಡದ್ದು ಆ ಹತ್ತಿರದ ಓಹ್ಲಾಂಗೆ ಶಾಲೆಯನ್ನು. ಅಲ್ಲಿಯೇ ದುಬೆಯವರ ಸಮಾಧಿಯೂ ಇದೆ. ಈಗ ಡರ್ಬನ್ನಿಗೆ ರಜೆಗೆಂದು ಹೋಗುವವರು ಕಡಲ ದಂಡೆಯಿಂದ ಸ್ವಲ್ಪ ಒಳಕ್ಕೆ ನಡೆದರೆ ಈ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು.

ಸಹಪಾಠಿಗಳೇ, ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಉದ್ಯೋಗಕ್ಕಾಗಿ, ಕೆಲವರು ವಿಹಾರಕ್ಕಾಗಿ ಪರಸ್ಥಳಗಳಿಗೆ ಹೋಗುವೆವು. ಮಹಾತ್ಮರಂಥವರಿಗೇ ಒಂದು ನಾಡಿನ ಜನರನ್ನು ಕಾಣಲು ಹದಿಮೂರು ವರ್ಷ ಹಿಡಿಯಿತು. ಅದೂ ಗಾಯ ತೊಳೆಯಲು ಕುಳಿತಾಗ. ನಮಗೆ ಅಷ್ಟು ಸಾಧ್ಯವಾಗದಿದ್ದರೂ, ದಾರಿ ತೋರಿಸಿದವರ ಹೆಸರನ್ನಾದರೂ ಕೇಳಿ ತಿಳಿಯೋಣ.